ರಾಗಿಕಲ್ಲಿನಿಂದ ಗುಲಾಬಿ ಕತ್ತರಿಗೆ: ಮೊಣಕೈ ನೋವಿನ ಹಿನ್ನೋಟ

ಅವಲಪಲ್ಲಿಯೂ ಸೇರಿದಂತೆ ಹೊಸೂರು ಸೀಮೆಯದು ರಾಗಿಯೂಟ. ಹಿಟ್ಟಿನ ಮಿಲ್ಲು ಬರುವವರೆಗೆ ಆ ರಾಗಿ ಹಿಟ್ಟಾಗುತ್ತಿದ್ದದ್ದು ಹೆಂಗಸರ ತೋಳಿನಿಂದ. ರಾಗಿಕಲ್ಲಿನ ಕೆಳಗಲ್ಲು ಕದಲುವುದಿಲ್ಲ, ನಸುಕಿನಲ್ಲೆದ್ದು ಮೇಲ್ಗಲ್ಲಿನ ಗೂಟ ಹಿಡಿದು ತಿರುಗಿಸಬೇಕು, ಮತ್ತೊಂದು ಕೈಯಿಂದ ನಡುವಿನ ಕುಳಿಗೆ ಹಿಡಿಹಿಡಿಯಾಗಿ ರಾಗಿ ಬಿಡಬೇಕು. ಗೂಟವನ್ನು ಬಿಗಿಹಿಡಿದಾಗಲೆಲ್ಲ ಮಣಿಕಟ್ಟನ್ನು ಹಿಂದಕ್ಕೆತ್ತುವ ಸ್ನಾಯುಗಳು ಸೆಟೆಯುತ್ತವೆ. ಅವುಗಳ ಬೇರು ಮೊಣಕೈಯ ಹೊರಬದಿಯ ಮೂಳೆಗುಬ್ಬಿಯಲ್ಲಿದೆ. ನೋವು ಹುಟ್ಟುವುದೂ ಅಲ್ಲೇ.

ಬೀಸುವ ರೂಢಿಯೊಳಗೇ ಬಿಡುವೂ ಇತ್ತು. ಇಬ್ಬರು ಎದುರುಬದುರು ಕೂತು ಒಂದೇ ಗೂಟಕ್ಕೆ ಕೈ ಹಾಕುತ್ತಿದ್ದರು, ಸೋತ ಕೈ ಬಿಟ್ಟು ಇನ್ನೊಂದು ಕೈ ಹಿಡಿಯುತ್ತಿದ್ದರು, ಬೀಸುವ ಪದಗಳು ಸುತ್ತಿನ ಲಯ ಕಾಯುತ್ತಿದ್ದವು. ನೋವಿಗೆ ಬಿಸಿ ಹರಳೆಣ್ಣೆಯ ನೀವುವಿಕೆ, ಲಕ್ಕಿಸೊಪ್ಪಿನ ಶಾಖ. ಶಾಖದಿಂದ ಒಂದಿಷ್ಟು ಹಗುರವಾದೀತು. ದೊಡ್ಡ ಮದ್ದು ಜೊತೆಗಾತಿಯ ಕೈಯೇ ಇದ್ದೀತು.

ಪಾಶ್ಚಾತ್ಯ ವೈದ್ಯ ಬರಹಗಳಲ್ಲಿ ಈ ನೋವನ್ನು ಮೊದಲು ವಿವರಿಸಿದವನು ಜರ್ಮನಿಯ ರುಂಗೆ, 1873ರಲ್ಲಿ. ಅವನು ಕಂಡದ್ದು ಬರೆದು ಬರೆದು ಕೈ ಸೋತವರನ್ನು. ಹತ್ತು ವರ್ಷದೊಳಗೆ ಇಂಗ್ಲೆಂಡಿನ ವೈದ್ಯರು ಅದಕ್ಕೆ ಟೆನಿಸ್ ಆಟದ ಹೆಸರಿಟ್ಟರು. ರ‍್ಯಾಕೆಟ್ಟನ್ನೇ ಮುಟ್ಟದವರಿಗೂ ‘ಟೆನಿಸ್ ಎಲ್ಬೋ’ ಎಂಬ ಹೆಸರೇ ಅಂಟಿಕೊಂಡಿತು.

ಇತ್ತ ಹೊಸೂರಿನ ದುಡಿಮೆ ಬೇಗ ಬದಲಾಯಿತು. 1980ರಲ್ಲಿ ಇಲ್ಲಿಂದ ಟಿವಿಎಸ್ 50 ಮೊಪೆಡ್ ಹೊರಬಂತು, 1987ರ ಹೊತ್ತಿಗೆ ಟೈಟನ್ ಗಡಿಯಾರ. ಮುಂದೆ ಪಾಲಿಹೌಸುಗಳಲ್ಲಿ ಗುಲಾಬಿ. ಗುಲಾಬಿ ಕೊಯ್ಯುವವರ ಕತ್ತರಿಯಲ್ಲಿ ಸ್ಪ್ರಿಂಗ್ ಇರುತ್ತದೆ: ಅದುಮಿದರೆ ಕಡ್ಡಿ ತುಂಡು, ಬಿಟ್ಟರೆ ಅದು ತಾನೇ ತೆರೆದುಕೊಳ್ಳುತ್ತದೆ, ಮತ್ತೆ ಅದುಮಬೇಕು. ಅಲಗು ಮೊಂಡಾದಷ್ಟೂ ಮೊಣಕೈಗೆ ಭಾರ. ಇಲ್ಲಿ ಕೈ ಬದಲಿಸುವಂತಿಲ್ಲ. ಬಲಗೈಯವರ ಕತ್ತರಿ ಎಡಗೈಗೆ ಒಗ್ಗದು.

ಚಿಕಿತ್ಸೆಯ ತಿಳಿವಳಿಕೆ ಬದಲಾದದ್ದು 1979ರಿಂದ. ಅಮೆರಿಕದ ನಿರ್ಶ್ಲ್ ಮತ್ತು ಪೆಟ್ರೋನ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶ ನೋಡಿ, ಇದು ಬರೀ ಉರಿಯೂತವಲ್ಲ, ಸ್ನಾಯುರಜ್ಜುವಿನ ಎಳೆಗಳೇ ಶಿಥಿಲವಾದ ಸ್ಥಿತಿ ಎಂದರು. ಆದರೂ ಸ್ಟೀರಾಯ್ಡ್ ಚುಚ್ಚುಮದ್ದಿನ ಮೇಲಿನ ನಂಬಿಕೆ ಉಳಿಯಿತು, ಏಕೆಂದರೆ ಮೊದಲ ಕೆಲವು ವಾರ ನೋವು ತಗ್ಗುತ್ತದೆ. 2013ರ ಆಸ್ಟ್ರೇಲಿಯದ ಅಧ್ಯಯನದಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ವರ್ಷದೊಳಗೆ ನೋವು ಮರುಕಳಿಸಿದ್ದು ಶೇ. 54ರಷ್ಟು ಮಂದಿಗೆ, ಬರೀ ಉಪ್ಪುನೀರು ಚುಚ್ಚಿಸಿಕೊಂಡವರಲ್ಲಿ ಶೇ. 12.

ಈಗ ಒತ್ತು ಇರುವುದು ನಿಧಾನವಾಗಿ ಭಾರ ಹೊರಿಸುವ ವ್ಯಾಯಾಮಕ್ಕೆ. ಮುಂಗೈಯನ್ನು ಮೇಜಿನ ಮೇಲಿಟ್ಟು ಅಂಗೈ ಕೆಳಮುಖ ಮಾಡಿ ಅಂಚಿನಾಚೆ ಬಿಡಬೇಕು. ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು ಮಣಿಕಟ್ಟನ್ನು ಮೆಲ್ಲಗೆ ಇಳಿಸಬೇಕು. ಮೇಲೆತ್ತುವಾಗ ಇನ್ನೊಂದು ಕೈಯ ಆಸರೆ ಕೊಡಬೇಕು. ತೋಟದಲ್ಲಾದರೆ ಅಲಗನ್ನು ಆಗಾಗ ಸಾಣೆ ಹಿಡಿಯುವುದು, ಹಿಡಿ ಅಂಗೈಗೆ ಒಪ್ಪುವ ಕತ್ತರಿ ಕೊಳ್ಳುವುದು, ಮಣಿಕಟ್ಟು ನೇರವಾಗಿಟ್ಟು ಕೊಯ್ಯುವುದು, ನಡುನಡುವೆ ಹೂ ವಿಂಗಡಿಸುವ ಕೆಲಸಕ್ಕೆ ಸರದಿಯ ಮೇಲೆ ಹೋಗುವುದು. ಹೆಚ್ಚಿನವರಿಗೆ ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತದೆ.