ಪೊರೆ ಬಿಡುವ ಹಾವು: ಆರೈಕೆಯ ಚರಿತ್ರೆ

ಹಾವು ಪೊರೆ ಬಿಡುತ್ತದೆ ಎಂಬುದು ಮನುಷ್ಯನಿಗೆ ಬಹಳ ಹಿಂದೆಯೇ ಗೊತ್ತಿತ್ತು. ಬೃಹದಾರಣ್ಯಕ ಉಪನಿಷತ್ತಿನಲ್ಲಿ, ಜೀವ ತೊರೆದ ದೇಹವನ್ನು ಹುತ್ತದ ಮೇಲೆ ಬಿದ್ದಿರುವ ಹಾವಿನ ಪೊರೆಗೆ ಹೋಲಿಸಲಾಗಿದೆ. ಕ್ರಿಸ್ತಪೂರ್ವ 4ನೇ ಶತಮಾನದ ಅರಿಸ್ಟಾಟಲ್ ಇನ್ನಷ್ಟು ಹತ್ತಿರದಿಂದ ನೋಡಿದ್ದ. ಪೊರೆ ಏಳುವುದು ಕಣ್ಣಿನಿಂದ ಶುರುವಾಗುತ್ತದೆ, ತಿಳಿಯದವರು ಹಾವು ಕುರುಡಾಯಿತೆಂದು ಭಾವಿಸುತ್ತಾರೆ, ಆಮೇಲೆ ತಲೆಯಿಂದ ಬಾಲದವರೆಗೆ ಕಳಚಿಕೊಂಡು ಒಳಮೈ ಹೊರಕ್ಕೆ ಬರುತ್ತದೆ ಎಂದು ಅವನು ಬರೆದಿಟ್ಟ. ಇದಕ್ಕೆ ಒಂದು ಹಗಲು ಒಂದು ರಾತ್ರಿ ಬೇಕು ಎಂಬ ಅವನ ಲೆಕ್ಕ ಮಾತ್ರ ಅತಿಯಾಯಿತು. ಆರೋಗ್ಯವಾಗಿರುವ ಹಾವು ಹಲವು ಬಾರಿ ಒಂದು ಗಂಟೆಯೊಳಗೇ ಕೆಲಸ ಮುಗಿಸುತ್ತದೆ. ನಾಲ್ಕು ಶತಮಾನಗಳ ನಂತರ ರೋಮಿನ ಪ್ಲಿನಿ, ಹಾವು ಸೋಂಪಿನ ಗಿಡಕ್ಕೆ ಮೈ ತಿಕ್ಕಿ ಪೊರೆ ಕಳಚುತ್ತದೆ, ಅದರ ರಸದಿಂದ ಮಂಕಾದ ಕಣ್ಣನ್ನು ತಿಳಿಯಾಗಿಸಿಕೊಳ್ಳುತ್ತದೆ ಎಂದ. ಸೋಂಪಿನ ಮಾತು ಕಟ್ಟುಕತೆ. ಪೊರೆ ಬಿಡುವ ಹಾವಿಗೆ ಮೈ ಉಜ್ಜಲು ಒರಟಾದುದೇನಾದರೂ ಬೇಕು ಎಂಬುದಷ್ಟೇ ಅದರಲ್ಲಿರುವ ನಿಜ.

ಹಾವು ಸಾಕುವುದೂ ಆ ಕಾಲಕ್ಕೆ ಹೊಸದಲ್ಲ. ಗ್ರೀಕರ ವೈದ್ಯದೇವತೆ ಅಸ್ಕ್ಲೇಪಿಯಸ್‌ನ ಗುಡಿಗಳಲ್ಲಿ ವಿಷವಿಲ್ಲದ ಹಾವುಗಳು ಇರುತ್ತಿದ್ದವು. ರೋಮನ್ ಚಕ್ರವರ್ತಿ ಟೈಬೀರಿಯಸ್ ತನ್ನ ಹಾವಿಗೆ ತಾನೇ ತಿನ್ನಿಸುತ್ತಿದ್ದನೆಂದೂ, ಒಂದು ದಿನ ಅದನ್ನು ಇರುವೆಗಳು ಮುತ್ತಿ ತಿಂದುಹಾಕಿದ್ದನ್ನು ಕಂಡನೆಂದೂ ಇತಿಹಾಸಕಾರ ಸ್ವೆಟೋನಿಯಸ್ ಹೇಳುತ್ತಾನೆ. ಹಾವಿಗೆ ಆಹಾರ ಕೊಡುವುದನ್ನು ಮನುಷ್ಯ ಬೇಗ ಕಲಿತ. ಅದು ಪೊರೆ ಬಿಡುವಾಗ ಅದಕ್ಕೆ ಏನು ಬೇಕು ಎಂಬುದನ್ನು ತಿಳಿಯಲು ಮಾತ್ರ ಬಹುಕಾಲ ಹಿಡಿಯಿತು. ಅದಕ್ಕೆ ಮೊದಲು, ಒಂದೇ ಹಾವನ್ನು ವರ್ಷಗಟ್ಟಲೆ ಜೀವಂತವಾಗಿ ಉಳಿಸಿಕೊಳ್ಳುವುದು ಸಾಧ್ಯವಾಗಬೇಕಿತ್ತು.

ಅದು ಸಾಧ್ಯವಾದದ್ದು 19ನೇ ಶತಮಾನದ ಯುರೋಪಿನ ಪ್ರಾಣಿಸಂಗ್ರಹಾಲಯಗಳಲ್ಲಿ. ಮೊದಲ ದೊಡ್ಡ ಸುದ್ದಿಗೆ ಕಾರಣವಾದದ್ದು ಭಾರತದ ಹೆಬ್ಬಾವಿನ ಜಾತಿ. ತಾಯಿ ಹೆಬ್ಬಾವು ಮೊಟ್ಟೆಗಳನ್ನು ಸುತ್ತಿಕೊಂಡು ಕಾವು ಕೊಡುತ್ತದೆ ಎಂದು ಭಾರತದಲ್ಲಿ ಕಂಡದ್ದನ್ನು ಫ್ರೆಂಚ್ ಪ್ರವಾಸಿ ಲಾಮಾರ್ ಪಿಕೋ ವರದಿ ಮಾಡಿದಾಗ ಪ್ಯಾರಿಸ್ಸಿನ ಪಂಡಿತರು ನಂಬಿರಲಿಲ್ಲ. 1841ರಲ್ಲಿ ಅದೇ ಊರಿನ ಜಾರ್ದೆನ್ ದೆ ಪ್ಲಾಂತ್ ಪ್ರಾಣಿಸಂಗ್ರಹಾಲಯದಲ್ಲಿ ಒಂದು ಹೆಬ್ಬಾವು ಮೊಟ್ಟೆಯಿಟ್ಟು ಕಾವಿಗೆ ಕೂತಿತು. ವಲನ್ಸಿಯೆನ್ ಎಂಬ ವಿಜ್ಞಾನಿ ಅದರ ಮೈಬಿಸಿಯನ್ನು ಅಳೆದು, ಅದು ಸುತ್ತಲಿನ ಗಾಳಿಗಿಂತ ಹೆಚ್ಚು ಬೆಚ್ಚಗಿದೆ ಎಂದು ತೋರಿಸಿದ. ಹಾವಿನ ಗೂಡಿಗೆ ಉಷ್ಣಮಾಪಕ ಬಂದ ಸಂದರ್ಭಗಳಲ್ಲಿ ಇದೂ ಒಂದು. ತೇವವನ್ನೂ ಅಳೆಯಬೇಕು ಎಂಬ ಯೋಚನೆ ಬರಲು ಇನ್ನೂ ಬಹಳ ಕಾಲವಿತ್ತು.

1849ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯ ಸರೀಸೃಪಗಳಿಗೆಂದೇ ಒಂದು ಮನೆಯನ್ನು ತೆರೆಯಿತು. ಜಗತ್ತಿನಲ್ಲೇ ಅದು ಮೊದಲನೆಯದು. ಅಲ್ಲಿ ಚಳಿಯೇ ದೊಡ್ಡ ಶತ್ರು ಎಂದು ತಿಳಿದಿದ್ದ ಕಾಲ. ಕೋಣೆಗಳಿಗೆ ಕೃತಕವಾಗಿ ಶಾಖ ಕೊಡುತ್ತಿದ್ದರು, ಹಾವುಗಳಿಗೆ ಕಂಬಳಿ ಹೊದಿಸುತ್ತಿದ್ದರು. 1851ರಲ್ಲಿ ಒಂದು ಬೋವಾ ಹಾವು ತನ್ನ ಕಂಬಳಿಯನ್ನೇ ನುಂಗಿ, ಕೆಲವು ವಾರಗಳ ನಂತರ ಹೊರಗೆ ಕಕ್ಕಿತು. ಜನ ಆ ಕತೆಯನ್ನು ನಕ್ಕು ಮರೆತರು. ಕಾವಿಗೆ ಕೂತ ಹೆಬ್ಬಾವಿನಂಥವನ್ನು ಬಿಟ್ಟರೆ ಹಾವು ತನ್ನ ಮೈಯಿಂದ ಹೆಚ್ಚೇನೂ ಶಾಖ ಹುಟ್ಟಿಸುವುದಿಲ್ಲವಾದ್ದರಿಂದ ಕಂಬಳಿಯೊಳಗೆ ಅದು ಬೆಚ್ಚಗಾಗುವುದೂ ಇಲ್ಲ. ಇನ್ನು ತೇವವಿಲ್ಲದೆ ಬಿಸಿ ಮಾಡಿದ ಕೋಣೆಯ ಗಾಳಿ ಒಣಗುತ್ತದೆ. ಒಣಗಾಳಿಯಲ್ಲಿ ಪೊರೆ ಇಡಿಯಾಗಿ ಬರದೆ ಚೂರುಚೂರಾಗಿ ಅಂಟಿಕೊಳ್ಳುತ್ತದೆ. ಇಂದಿಗೂ ಹೊಸದಾಗಿ ಹಾವು ಸಾಕುವವರು ಮಾಡುವ ತಪ್ಪು ಇದೇ.

ಏಕೆ ಹೀಗಾಗುತ್ತದೆ ಎಂಬುದಕ್ಕೆ ಉತ್ತರ ಚರ್ಮದ ರಚನೆಯಲ್ಲಿದೆ. ಹಾವಿನ ಹೊರಚರ್ಮ ನಮ್ಮದರಂತೆ ದಿನವೂ ಪುಡಿಯಾಗಿ ಉದುರುವುದಿಲ್ಲ. ಹಳೆಯ ಪದರದ ಕೆಳಗೆ ಹೊಸ ಪದರವೊಂದು ಇಡೀ ಮೈಗೆ ಏಕಕಾಲಕ್ಕೆ ಬೆಳೆಯುತ್ತದೆ. ಎರಡರ ನಡುವೆ ತೆಳುವಾದ ದ್ರವ ತುಂಬಿದಾಗ ಬಣ್ಣ ಮಂಕಾಗುತ್ತದೆ, ಹೊಟ್ಟೆಯ ಹುರುಪೆಗಳು ಬೆಳ್ಳಗೆ ಕಾಣುತ್ತವೆ, ಕಣ್ಣು ಹಾಲು ಬೆರೆಸಿದ ನೀಲಿಯಾಗುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಮುಚ್ಚಿರುವುದು ಒಂದು ಪಾರದರ್ಶಕ ಹುರುಪೆ. ಅದೂ ಪೊರೆಯೊಂದಿಗೇ ಕಳಚುತ್ತದೆ, ಆದ್ದರಿಂದಲೇ ಅರಿಸ್ಟಾಟಲ್ ಹೇಳಿದ ಆ ಕುರುಡು. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಅನುಭವವಿಲ್ಲದವರು ಪೊರೆ ಬಿಟ್ಟಾಯಿತೇನೋ ಎಂದುಕೊಳ್ಳುವುದು ಆಗಲೇ. ನಿಜವಾಗಿ ಪೊರೆ ಬರುವುದು ಇನ್ನೂ ಮೂರು ನಾಲ್ಕು ದಿನಗಳ ಮೇಲೆ. ಮೂತಿಯನ್ನು ಕಲ್ಲಿಗೋ ಕಟ್ಟಿಗೆಗೋ ಉಜ್ಜಿ ತುಟಿಯ ಅಂಚನ್ನು ಬಿಡಿಸಿಕೊಂಡ ಹಾವು, ಕಾಲುಚೀಲ ಕಳಚುವ ಹಾಗೆ ಪೊರೆಯನ್ನು ಒಳಹೊರಗು ಮಾಡುತ್ತಾ ಮುಂದಕ್ಕೆ ಹರಿದುಹೋಗುತ್ತದೆ. ಹುರುಪೆಗಳ ನಡುವಿನ ಮಡಿಕೆಗಳೂ ಬಿಚ್ಚಿಕೊಳ್ಳುವುದರಿಂದ ಬಿದ್ದ ಪೊರೆ ಹಾವಿಗಿಂತ ಉದ್ದವಾಗಿರುತ್ತದೆ. ಹಿತ್ತಿಲಲ್ಲಿ ಸಿಕ್ಕ ಪೊರೆ ಅಳೆದು ಹಾವಿನ ಗಾತ್ರ ಹೇಳುವವರು ಇದನ್ನು ಮರೆಯುತ್ತಾರೆ. ಪದರಗಳು ಹುಟ್ಟಿ ಬೇರ್ಪಡುವ ಹಂತಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪಾಲ್ ಮ್ಯಾಡರ್ಸನ್ ವಿವರಿಸಿದ್ದು 1965ರಲ್ಲಿ. ಅರಿಸ್ಟಾಟಲ್‌ನಿಂದ ಅಲ್ಲಿಗೆ ಎರಡು ಸಾವಿರಕ್ಕೂ ಹೆಚ್ಚು ವರ್ಷ.

ಆ ವಿವರಣೆಗೆ ಮೊದಲೇ ಸಾಕುವವರ ಕೈಗೆ ಪುಸ್ತಕಗಳು ಬಂದಿದ್ದವು. ಲಂಡನ್ನಿನ ಸರೀಸೃಪ ಮನೆಯನ್ನು ಹತ್ತಿರದಿಂದ ಕಂಡ ಕ್ಯಾಥರಿನ್ ಹಾಪ್ಲಿ 1882ರಲ್ಲಿ ಹಾವುಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದಳು. 1884ರಲ್ಲಿ ಜರ್ಮನಿಯ ಯೋಹಾನ್ ಫಾನ್ ಫಿಷರ್ ಬರೆದ 'ದಾಸ್ ಟೆರೇರಿಯುಮ್', 1897ರಲ್ಲಿ ಇಂಗ್ಲೆಂಡಿನ ಪಾದ್ರಿ ಗ್ರೆಗರಿ ಬೇಟ್‌ಮನ್ ಬರೆದ 'ದಿ ವಿವೇರಿಯಮ್' ಮನೆಯಲ್ಲೇ ಗಾಜಿನ ಪೆಟ್ಟಿಗೆ ಕಟ್ಟಿ ಹಾವು, ಹಲ್ಲಿ, ಕಪ್ಪೆ ಸಾಕುವವರಿಗಾಗಿ ಬಂದವು. ಹಾವು ಸಾಕುವುದು ಸಂಸ್ಥೆಗಳ ಕೆಲಸವಷ್ಟೇ ಅಲ್ಲ, ಮನೆಯ ಹವ್ಯಾಸವೂ ಆಯಿತು.

ದೊಡ್ಡ ತಿರುವು ಕೊಟ್ಟವಳು ಜೋನ್ ಪ್ರಾಕ್ಟರ್. 1923ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದ ಆಕೆ ಚಿಕ್ಕಂದಿನಿಂದಲೇ ಸರೀಸೃಪಗಳನ್ನು ಸಾಕಿದ್ದಳು. ಆಕೆ ರೂಪಿಸಿದ ಹೊಸ ಸರೀಸೃಪ ಮನೆ 1927ರಲ್ಲಿ ತೆರೆಯಿತು. ಇಡೀ ಕೋಣೆಯನ್ನು ಒಂದೇ ಹದಕ್ಕೆ ಕಾಯಿಸುವ ಬದಲು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬಿಸಿಯಿರುವಂತೆ ವಿದ್ಯುತ್ತಿನಿಂದ ಕಾಯಿಸುವ ವ್ಯವಸ್ಥೆ, ಸೂರ್ಯನ ನೇರಳಾತೀತ ಕಿರಣಗಳನ್ನು ಒಳಬಿಡುವ ಗಾಜು ಅಲ್ಲಿದ್ದವು. ತನಗೆ ಬೇಕಾದ ಜಾಗವನ್ನು ಹಾವೇ ಆರಿಸಿಕೊಳ್ಳಲಿ ಎಂಬುದು ಆಕೆಯ ಕ್ರಮದ ತಿರುಳು. ಬಿಸಿಗೆ ಅನ್ವಯಿಸಿದ ಆ ಮಾತನ್ನು ತೇವಕ್ಕೂ ಅನ್ವಯಿಸಿದರೆ ಇಂದಿನ ಪೊರೆ ಆರೈಕೆ ಬಹುತೇಕ ಸಿಕ್ಕಂತೆ. ಪ್ರಾಕ್ಟರ್ 1931ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡಳು.

ಎರಡನೇ ಮಹಾಯುದ್ಧದ ನಂತರ ಈ ಹವ್ಯಾಸ ಅಮೆರಿಕದಲ್ಲಿ ಬೇರೂರಿತು. ಬರ್ನಾರ್ಡ್ ಬೆಕ್ಟೆಲ್ ಎಂಬ ವೈದ್ಯ 1961ರಲ್ಲಿ ಕಾರ್ನ್ ಸ್ನೇಕ್ ಎಂಬ ಹಾವಿನ ಕಪ್ಪು ಬಣ್ಣವಿಲ್ಲದ ಮರಿಗಳನ್ನು ಪಡೆದ. 1992ರಲ್ಲಿ ಬಾಬ್ ಕ್ಲಾರ್ಕ್ ಬಿಳಿಚು ಬಾಲ್ ಪೈಥಾನ್ ಹೆಬ್ಬಾವುಗಳ ತಳಿ ತೆಗೆದ. ಅಲ್ಲಿಂದ ಬಣ್ಣಬಣ್ಣದ ತಳಿಗಳ ವ್ಯಾಪಾರ ಬೆಳೆದು, ಘಾನಾ, ಟೋಗೊ, ಬೆನಿನ್ ದೇಶಗಳ ಬಾಲ್ ಪೈಥಾನ್ ಜಗತ್ತಿನ ಮನೆಮನೆ ಸೇರಿತು. ಪಶ್ಚಿಮ ಆಫ್ರಿಕಾದಲ್ಲಿ ಅದು ಹಗಲನ್ನು ಇಲಿಗಳ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಕಳೆಯುವ ಪ್ರಾಣಿ. ಆ ಬಿಲದ ತೇವ ಹೊರಗಿನದಕ್ಕಿಂತ ಹೆಚ್ಚು. ಹೀಟರ್ ಉರಿಯುವ ಅಮೆರಿಕದ ಚಳಿಗಾಲದ ಕೋಣೆಗೆ ಬಂದ ಹಾವಿಗೆ ಸಿಕ್ಕದ್ದು ಗಾಜಿನ ಪೆಟ್ಟಿಗೆ, ಮೇಲೆ ಜಾಲರಿ, ಅದರ ಮೇಲೆ ಸುಡುವ ಬಲ್ಬು. ಪೊರೆ ಅಂಟಿಕೊಳ್ಳುವುದು ಈ ಹಾವುಗಳಲ್ಲಿ ಸಾಮಾನ್ಯ ದೂರಾಯಿತು.

ಕೈಯಿಂದ ಸುಲಿದು ತೆಗೆಯುವ ಆತುರ ಇಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ಕಣ್ಣಿನ ಮೇಲೆ ಉಳಿದ ಪೊರೆಯನ್ನು ಚಿಮಟದಿಂದ ಎಳೆದರೆ ಕೆಳಗಿನ ಹೊಸ ಹುರುಪೆಯೂ ಕಿತ್ತುಬಂದು ಹಾವು ಕಣ್ಣನ್ನೇ ಕಳೆದುಕೊಳ್ಳಬಹುದು. ಬಾಲದ ತುದಿಯಲ್ಲಿ ಬಳೆಯಂತೆ ಉಳಿದ ಪೊರೆ ಒಣಗಿ ಬಿಗಿದರೆ ರಕ್ತಸಂಚಾರ ನಿಂತು ತುದಿ ಕೊಳೆಯುತ್ತದೆ. ಕ್ರಮೇಣ ನೆಲೆನಿಂತ ಪದ್ಧತಿ ಇದಕ್ಕೆ ತದ್ವಿರುದ್ಧವಾದದ್ದು. ಕಣ್ಣು ಮಂಕಾದ ಕೂಡಲೇ ಹಾವನ್ನು ಕೈಗೆತ್ತಿಕೊಳ್ಳುವುದನ್ನು ನಿಲ್ಲಿಸುತ್ತಾರೆ, ಏಕೆಂದರೆ ಸರಿಯಾಗಿ ಕಾಣದ ಹಾವು ಬೇಗ ಬೆದರಿ ಕಚ್ಚುತ್ತದೆ. ಹಲವು ಹಾವುಗಳು ಆಗ ತಿನ್ನುವುದಿಲ್ಲ, ಒತ್ತಾಯಿಸಬಾರದು. ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಪಾಚಿ ತುಂಬಿ ಪೆಟ್ಟಿಗೆಯ ಬೆಚ್ಚಗಿನ ಬದಿಯಲ್ಲಿಟ್ಟರೆ, ಬೇಕೆನಿಸಿದಾಗ ಹಾವೇ ಅದರೊಳಗೆ ಸೇರುತ್ತದೆ. ಬಾಲ್ ಪೈಥಾನ್‌ಗೆ ಶೇಕಡ 60ರಿಂದ 70ರಷ್ಟು ತೇವಾಂಶ ಈ ದಿನಗಳಲ್ಲಿ ಹಿತ. ಹಾಗೆಂದು ಇಡೀ ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ಒದ್ದೆಯಾಗಿಟ್ಟರೆ ಹೊಟ್ಟೆಯಡಿ ಹುಣ್ಣಾಗುತ್ತದೆ. ಕುಡಿಯುವ ನೀರು, ಉಜ್ಜಿಕೊಳ್ಳಲು ಒಂದು ಒರಟು ಕಟ್ಟಿಗೆ ಅಥವಾ ಕಲ್ಲು ಇರಲೇಬೇಕು. ಪೊರೆ ಬಿದ್ದ ಮೇಲೆ ಅದನ್ನು ಬಿಡಿಸಿ, ಎರಡೂ ಕಣ್ಣುಗಳ ಹುರುಪೆ, ಬಾಲದ ತುದಿ ಬಂದಿವೆಯೇ ಎಂದು ನೋಡುತ್ತಾರೆ. ಉಳಿದಿದ್ದರೆ ಉಗುರುಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಒದ್ದೆ ಬಟ್ಟೆಯ ಮಡಿಕೆಯೊಳಗಿಂದ ಹಾವು ತಾನಾಗಿ ನುಸುಳುವಂತೆ ಮಾಡುತ್ತಾರೆ. ಕಣ್ಣಿನದು ಬರದಿದ್ದರೆ ಮುಂದಿನ ಪೊರೆಯವರೆಗೆ ಕಾಯುವುದು, ಇಲ್ಲವೇ ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸುವುದು. ಪೊರೆ ಮತ್ತೆ ಮತ್ತೆ ಕೆಡುತ್ತಿದ್ದರೆ ಉಣ್ಣಿ ಹುಳು, ಕಾಯಿಲೆ ಅಥವಾ ನೀರಿನ ಕೊರತೆ ಇರಬಹುದು. ಮರಿಗಳು ನಾಲ್ಕಾರು ವಾರಕ್ಕೊಮ್ಮೆ ಪೊರೆ ಬಿಡುವುದರಿಂದ ಅವುಗಳಲ್ಲಿ ಇದು ಬೇಗ ತಿಳಿಯುತ್ತದೆ.

ಭಾರತದಲ್ಲಿ ಹಾವನ್ನು ಹತ್ತಿರವಿಟ್ಟುಕೊಂಡವರ ಕತೆ ಬೇರೆ. ಬುಟ್ಟಿ, ಪುಂಗಿ ಹಿಡಿದು ಊರೂರು ಸುತ್ತಿದ ಹಾವಾಡಿಗರಿಗೆ ಹಾವಿನ ನಡವಳಿಕೆ ಚೆನ್ನಾಗಿ ತಿಳಿದಿತ್ತು. ಆದರೆ ಅವರಲ್ಲಿದ್ದ ನಾಗರಹಾವಿನ ಬದುಕು ಆರೈಕೆಯದಾಗಿರಲಿಲ್ಲ. ನಾಗರಪಂಚಮಿಯಲ್ಲಿ ಹಾಲು ಕುಡಿಯಲೆಂದು ಮೊದಲೇ ಬಾಯಾರಿಸಿಡುವ ರೂಢಿಯಿತ್ತು. ಹಲ್ಲು ಕಿತ್ತ, ನೀರಿಲ್ಲದೆ ಒಣಗಿದ ಹಾವಿಗೆ ಪೊರೆ ಸರಿಯಾಗಿ ಬರುವುದು ಹೇಗೆ? ಪಕ್ಕದ ತಮಿಳುನಾಡಿನ ಇರುಳ ಬುಡಕಟ್ಟಿನವರದು ಇನ್ನೊಂದು ದಾರಿ. ಅವರು ಹಾವು ಹಿಡಿಯುತ್ತಿದ್ದದ್ದು ಚರ್ಮದ ವ್ಯಾಪಾರಕ್ಕೆ. ಅದು ನಿಂತ ಮೇಲೆ, ಹಾವುತಜ್ಞ ರೊಮ್ಯುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಮಾಮಲ್ಲಪುರದ ಬಳಿ ಹಾವು ಹಿಡಿಯುವವರ ಸಹಕಾರ ಸಂಘ ಹುಟ್ಟಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳನ್ನು ಮಣ್ಣಿನ ಮಡಕೆಗಳಲ್ಲಿ ಕೆಲವು ವಾರ ಇಟ್ಟು, ಪ್ರತಿವಿಷ ತಯಾರಿಕೆಗೆಂದು ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಬಿಡುವಾಗ ಹೊಟ್ಟೆಯ ಹುರುಪೆಗೆ ಗುರುತು ಹಾಕುತ್ತಾರೆ. ಒಂದಷ್ಟು ಪೊರೆಗಳಾದ ಮೇಲೆ ಅದು ಅಳಿಸಿಹೋಗುತ್ತದೆ. ಗುರುತಿರುವ ಹಾವು ಮತ್ತೆ ಸಿಕ್ಕರೆ ಅದನ್ನು ಇತ್ತೀಚೆಗಷ್ಟೇ ಬಿಡಲಾಗಿತ್ತು ಎಂದರ್ಥ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ದೇಶದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಬೆಂಗಳೂರಿನಂಥ ಊರುಗಳಲ್ಲಿ ಈಗ ಸಾಕುವವರು ಇಟ್ಟುಕೊಳ್ಳುವುದು ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ನಂಥ ಹೊರದೇಶದ ಹಾವುಗಳನ್ನು. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನ್‌ನಂಥವನ್ನು ಸರ್ಕಾರದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಅಂಗಳಕ್ಕೆ ಬಂದ ನಾಗರಹಾವೋ ಕೇರೆಹಾವೋ ಪೊರೆಗಣ್ಣಿನಿಂದ ಎಷ್ಟೇ ಮಂಕಾಗಿ ಕಂಡರೂ, ಅದನ್ನು ಹಿಡಿದು ಆರೈಕೆಗೆ ಇಳಿಯುವುದು ಅಪಾಯವೂ ಹೌದು, ಅಪರಾಧವೂ ಹೌದು. ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು.