ಸೌನಾ ಸ್ನಾನವೂ ರಕ್ತದೊತ್ತಡವೂ

ಬಿ.ಪಿ. ಇರುವವರು ಒಬ್ಬರೂ ಇಲ್ಲದ ಮನೆ ಇಂದು ನಮ್ಮ ಮಹಾನಗರಗಳಲ್ಲಿ ಅಪರೂಪವೇ ಸರಿ. ಕಾಯಿಲೆ ಎಷ್ಟು ಸಾಮಾನ್ಯವೋ ಅದಕ್ಕೆ ಸಲಹೆ ಕೊಡುವವರೂ ಅಷ್ಟೇ ಸಾಮಾನ್ಯ. ಈಚೆಗೆ ಕೇಳಿಬರುವ ಸಲಹೆಗಳಲ್ಲಿ ಒಂದು, ಮನೆಯಲ್ಲೇ ಸೌನಾ ಇಟ್ಟುಕೊಳ್ಳುವುದು. ಬಿಸಿಗಾಳಿಯ ಆ ಪುಟ್ಟ ಕೋಣೆಯಲ್ಲಿ ಕುಳಿತು ಬೆವರಿದರೆ ರಕ್ತದೊತ್ತಡ ಇಳಿಯುತ್ತದೆ ಎನ್ನುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅದರಲ್ಲಿ ನಿಜವೆಷ್ಟು ಎಂಬುದನ್ನು ತಿಳಿಯಬೇಕಾದರೆ ಸೌನಾದ ತವರಾದ ಫಿನ್‌ಲೆಂಡಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಹಳೆಯ ಕಾಲದ ಫಿನ್‌ಲೆಂಡಿನ ಸೌನಾ ಎಂದರೆ ಮರದ ದಿಮ್ಮಿಗಳಿಂದ ಕಟ್ಟಿದ ಒಂದು ಗುಡಿಸಲು. ಒಳಗೆ ಕಲ್ಲುಗಳನ್ನು ಪೇರಿಸಿದ ಒಲೆ. ಆ ಒಲೆಗೆ ಹೊಗೆಕೊಳವೆ ಇರುತ್ತಿರಲಿಲ್ಲ. ಹಲವು ಗಂಟೆ ಸೌದೆ ಉರಿಸಿ ಕಲ್ಲುಗಳನ್ನು ಕಾಯಿಸಿ, ಹೊಗೆಯನ್ನೆಲ್ಲ ಹೊರಗೆ ಬಿಟ್ಟ ಮೇಲೆ ಜನ ಒಳಹೊಕ್ಕು ಮರದ ಜಗಲಿಯ ಮೇಲೆ ಕೂರುತ್ತಿದ್ದರು. ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿದಾಗ ಏಳುವ ಹಬೆಗೆ ಅವರ ಭಾಷೆಯಲ್ಲಿ 'ಲೋಯ್ಲು' ಎಂದು ಹೆಸರು. ಆ ಗುಡಿಸಲು ಬರಿಯ ಬಚ್ಚಲುಮನೆಯಾಗಿರಲಿಲ್ಲ. ಹೆರಿಗೆ ಅಲ್ಲಿಯೇ, ಸತ್ತವರ ಶವಕ್ಕೆ ಕೊನೆಯ ಸ್ನಾನವೂ ಅಲ್ಲಿಯೇ. ಹಳ್ಳಿಯ ಮನೆಯಲ್ಲಿ ಅತ್ಯಂತ ಶುಚಿಯಾದ ಸ್ಥಳ ಅದೇ ಆಗಿತ್ತು.

ಕಾಲಕ್ರಮದಲ್ಲಿ ಒಲೆಗೆ ಹೊಗೆಕೊಳವೆ ಬಂತು. 1930ರ ದಶಕದ ಕೊನೆಯ ಹೊತ್ತಿಗೆ ವಿದ್ಯುತ್ ಒಲೆಯೂ ಬಂತು. ಎರಡನೆಯ ಮಹಾಯುದ್ಧದ ನಂತರ ಜನ ಹಳ್ಳಿ ಬಿಟ್ಟು ನಗರ ಸೇರಿದಾಗ ಸೌನಾ ಕೂಡ ಅವರ ಜೊತೆಗೇ ಹೊರಟಿತು. ಮೊದಲು ವಠಾರಕ್ಕೊಂದು, ಆಮೇಲೆ ಫ್ಲ್ಯಾಟಿಗೊಂದು. ಇಂದು ಸುಮಾರು 55 ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಸೌನಾಗಳಿವೆ. 2020ರಲ್ಲಿ ಯುನೆಸ್ಕೋ ಸಂಸ್ಥೆ ಫಿನ್‌ಲೆಂಡಿನ ಸೌನಾ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟನ್ನು ಓದಿದವರು ಈ ಜನರ ಹೃದಯ ಬಹಳ ಗಟ್ಟಿಯಾಗಿದ್ದಿರಬೇಕು ಎಂದುಕೊಂಡಾರು. ಚರಿತ್ರೆ ಹೇಳುವುದು ಬೇರೆ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಅವರ ಮುಂದಾಳುತನದಲ್ಲಿ ಏಳು ದೇಶಗಳ ಜನರ ಹೃದಯದ ಆರೋಗ್ಯವನ್ನು ಹೋಲಿಸಿ ನೋಡಿದಾಗ, ಹೃದಯಾಘಾತದಿಂದ ಸಾಯುವವರು ಅತಿ ಹೆಚ್ಚಾಗಿ ಕಂಡದ್ದು ಪೂರ್ವ ಫಿನ್‌ಲೆಂಡಿನಲ್ಲಿ! ಅವರು ಕೊಬ್ಬಿದ ಸೋಮಾರಿಗಳೇನೂ ಅಲ್ಲ. ಕಾಡಿನಲ್ಲಿ ಮರ ಕಡಿಯುವ, ಹೊಲ ಗೇಯುವ ಕಟ್ಟುಮಸ್ತಾದ ಗಂಡಸರು. ಪ್ರತಿಯೊಬ್ಬರಿಗೂ ಸೌನಾ ಇತ್ತು. ಆದರೆ ಸೌನಾದಿಂದ ಹೊರಬಂದ ಮೇಲೆ ಅವರು ತಿನ್ನುತ್ತಿದ್ದದ್ದೇನು? ದಪ್ಪನೆಯ ಚೀಸಿನ ತುಂಡು, ಅದರ ಮೇಲೆ ಧಾರಾಳವಾಗಿ ಬಳಿದ ಬೆಣ್ಣೆ. ಇದರ ಜೊತೆಗೆ ಉಪ್ಪು ಹಾಕಿಟ್ಟ ಮೀನು ಮಾಂಸ ಮತ್ತು ಸಿಗರೇಟು. ಬೆವರಿನಿಂದ ಹೋದದ್ದು ಇಷ್ಟು, ಬಾಯಿಂದ ಒಳಬಂದದ್ದು ಅಷ್ಟು.

ಪೂರ್ವದ ಗಡಿಯ ಉತ್ತರ ಕರೇಲಿಯಾ ಪ್ರಾಂತದ ಮುಖಂಡರು 1971ರಲ್ಲಿ, ತಮ್ಮ ಗಂಡಸರು ನಡುವಯಸ್ಸಿನಲ್ಲೇ ಸಾಯುತ್ತಿದ್ದಾರೆ, ಏನಾದರೂ ಮಾಡಿ ಎಂದು ಸರ್ಕಾರಕ್ಕೆ ಮನವಿ ಸಲ್ಲಿಸಿದರು. 1972ರಲ್ಲಿ ಯೋಜನೆಯೊಂದು ಆರಂಭವಾಯಿತು. ಅದರ ನಾಯಕರಾದ ಪೆಕ್ಕಾ ಪುಸ್ಕಾ ಅವರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರು ಜನರಿಗೆ ಸೌನಾ ಹೆಚ್ಚಿಸಿ ಎಂದು ಹೇಳಲಿಲ್ಲ. ಅದು ಹೇಗೂ ಇತ್ತು. ಬೆಣ್ಣೆ ಕಡಿಮೆ ಮಾಡಿ, ಉಪ್ಪು ಇಳಿಸಿ, ತರಕಾರಿ ಹಣ್ಣು ತಿನ್ನಿ, ಸಿಗರೇಟು ಬಿಡಿ, ಬಿ.ಪಿ. ಅಳೆಸಿಕೊಳ್ಳಿ, ಹೆಚ್ಚಿದ್ದರೆ ಮಾತ್ರೆ ತಪ್ಪಿಸಬೇಡಿ ಎಂದರು. ಹಳ್ಳಿಯ ಗೃಹಿಣಿಯರ ಸಂಘಗಳು ಕೈಜೋಡಿಸಿದವು. ಸಾಸೇಜು ತಯಾರಿಸುವವರು ಕೊಬ್ಬನ್ನೂ ಉಪ್ಪನ್ನೂ ತಗ್ಗಿಸಿದರು. ಮುಂದಿನ ಮೂರೂವರೆ ದಶಕಗಳಲ್ಲಿ ಆ ಪ್ರಾಂತದ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಯಿಂದ ಆಗುವ ಸಾವುಗಳು ನೂರಕ್ಕೆ 80ಕ್ಕೂ ಹೆಚ್ಚು ಇಳಿದವು. ಸೌನಾ ಮೊದಲೂ ಇತ್ತು, ಆಮೇಲೂ ಇತ್ತು. ಬದಲಾದದ್ದು ಊಟದ ತಟ್ಟೆ ಮತ್ತು ಔಷಧದ ಶಿಸ್ತು.

ಹಾಗಾದರೆ ಸೌನಾದಿಂದ ಪ್ರಯೋಜನವೇ ಇಲ್ಲವೆ? ಇದೆ. ಅದೇ ಪೂರ್ವ ಫಿನ್‌ಲೆಂಡಿನ ಕುವೋಪಿಯೋ ಎಂಬ ಊರಿನ ಸುತ್ತಮುತ್ತ 1980ರ ದಶಕದಲ್ಲಿ ನಡುವಯಸ್ಸಿನ ಗಂಡಸರ ದೊಡ್ಡ ಅಧ್ಯಯನವೊಂದು ಶುರುವಾಯಿತು. ಯಾರಿ ಲೌಕ್ಕಾನೆನ್ ಮತ್ತು ಸಂಗಡಿಗರು 2015ರಲ್ಲಿ ಅದರ ಫಲ ಪ್ರಕಟಿಸಿದರು. 2,315 ಜನರನ್ನು ಸುಮಾರು 20 ವರ್ಷ ಗಮನಿಸಿದಾಗ, ವಾರಕ್ಕೆ ಒಂದು ಸಲ ಸೌನಾ ಮಾಡುವವರಿಗಿಂತ ವಾರಕ್ಕೆ 4ರಿಂದ 7 ಸಲ ಮಾಡುವವರಲ್ಲಿ ಹಠಾತ್ ಹೃದಯ ನಿಂತು ಸಾಯುವುದು ಬಹಳ ಕಡಿಮೆಯಿತ್ತು. 2017ರಲ್ಲಿ ಇನ್ನೊಂದು ವರದಿ ಬಂತು. ಮೊದಲಿಗೆ ಬಿ.ಪಿ. ಇಲ್ಲದ 1,621 ಜನರ ಪೈಕಿ, ಹೀಗೆ ಪದೇ ಪದೇ ಸೌನಾ ಮಾಡಿದವರಲ್ಲಿ ಮುಂದೆ ಬಿ.ಪಿ. ಬರುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. 102 ಜನರನ್ನು ಅರ್ಧ ಗಂಟೆ ಸೌನಾದಲ್ಲಿ ಕೂರಿಸಿ ಅಳೆದಾಗ, ಸರಾಸರಿ 137 ಇದ್ದ ಮೇಲಿನ ಒತ್ತಡ 130ಕ್ಕೂ, 82 ಇದ್ದ ಕೆಳಗಿನದು 75ಕ್ಕೂ ಇಳಿದದ್ದು ಕಂಡಿತು.

ಇದರ ಕಾರಣ ಸರಳವಾಗಿದೆ. ಬಿಸಿಗೆ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ; ರಕ್ತ ಹರಿಯಲು ಅಡ್ಡಿ ಕಡಿಮೆಯಾಗುತ್ತದೆ; ಬಿರುಸಾಗಿ ನಡೆದಾಗ ಆಗುವಂತೆ ನಾಡಿಯ ವೇಗ ಏರುತ್ತದೆ. ಆದರೆ ಎರಡು ವಿಷಯ ಮರೆಯಬಾರದು. ಮೊದಲನೆಯದು, ವಾರಕ್ಕೆ ಐದಾರು ದಿನ ಸೌನಾದಲ್ಲಿ ಕೂರುವವನಿಗೆ ಬಿಡುವೂ ಇರುತ್ತದೆ, ಆರೋಗ್ಯವೂ ಇರುತ್ತದೆ. ಫಲ ಸೌನಾದ್ದೋ ಆ ಬದುಕಿನದ್ದೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಎರಡನೆಯದು, ಇವೆಲ್ಲ ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿಯ, ತೇವ ಕಡಿಮೆಯಿರುವ ಮರದ ಕೋಣೆಯ ಮಾತು. ತಲೆ ಹೊರಗಿಟ್ಟು ಕೂರುವ ಹಬೆಯ ಚೀಲಕ್ಕೆ ಅದೇ ಫಲವನ್ನು ಆರೋಪಿಸುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಅತಿಯಾದರೆ ಸೌನಾ ಕೊಲ್ಲುತ್ತದೆ ಎಂಬುದಕ್ಕೂ ಫಿನ್‌ಲೆಂಡಿನಲ್ಲಿಯೇ ಸಾಕ್ಷಿಯಿದೆ. ಹೈನೋಲಾ ಎಂಬ ಊರಿನಲ್ಲಿ ಯಾರು ಹೆಚ್ಚು ಹೊತ್ತು ಬಿಸಿ ತಡೆಯುತ್ತಾರೆಂಬ ಜಾಗತಿಕ ಪಂದ್ಯ ನಡೆಯುತ್ತಿತ್ತು. 2010ರಲ್ಲಿ 110 ಡಿಗ್ರಿಯ ಕೋಣೆಯಲ್ಲಿ ಅಂತಿಮ ಸ್ಪರ್ಧಿಗಳಿಬ್ಬರೂ ಕುಸಿದರು, ಒಬ್ಬರು ಸತ್ತರು. ಆ ಪಂದ್ಯ ಅಲ್ಲಿಗೆ ಮುಗಿಯಿತು. ಕುಡಿದು ಸೌನಾಕ್ಕೆ ಹೋಗುವುದಂತೂ ಅಲ್ಲಿನ ವೈದ್ಯರು ಮೊದಲಿನಿಂದ ಎಚ್ಚರಿಸುತ್ತ ಬಂದಿರುವ ಅಪಾಯ.

ಸೋಜಿಗವೆಂದರೆ ಇಂಥ ಎಚ್ಚರಿಕೆ ನಮ್ಮ ಚರಕಸಂಹಿತೆಯಲ್ಲಿಯೂ ಇದೆ. ಅದರ ಸೂತ್ರಸ್ಥಾನದ ಹದಿನಾಲ್ಕನೆಯ ಅಧ್ಯಾಯ ಬೆವರಿಸುವ ಚಿಕಿತ್ಸೆಗೇ ಮೀಸಲು. ಅಲ್ಲಿ ಹೇಳಿರುವ 'ಜೇಂತಾಕ ಸ್ವೇದ' ಹೆಚ್ಚುಕಡಿಮೆ ಸೌನಾವೇ: ದುಂಡನೆಯ ಮಣ್ಣಿನ ಮನೆ, ಗೋಡೆಯುದ್ದಕ್ಕೂ ಜಗಲಿ, ನಡುವೆ ಒಲೆ, ಹೊಗೆ ಹೋದ ಮೇಲೆ ಒಳಗೆ ಪ್ರವೇಶ. ಹೊರಬಂದ ಕೂಡಲೇ ತಣ್ಣೀರು ಮುಟ್ಟಕೂಡದು, ಸ್ವಲ್ಪ ಹೊತ್ತು ತಡೆದು ಬೆಚ್ಚನೆಯ ನೀರಿನಲ್ಲಿ ಮೀಯಬೇಕು ಎಂಬ ನಿಯಮವಿದೆ. ನಿತ್ಯ ಮದ್ಯ ಸೇವಿಸುವವರಿಗೂ ಗರ್ಭಿಣಿಯರಿಗೂ ಈ ಚಿಕಿತ್ಸೆ ಸಲ್ಲದು ಎಂದೂ ಹೇಳಿದೆ. ನಮ್ಮವರಲ್ಲೇ ಎಲ್ಲವೂ ಇತ್ತೆಂದು ಬೀಗಲು ಇದನ್ನು ಹೇಳುತ್ತಿಲ್ಲ. ಬಿಸಿಯ ಗುಣವನ್ನು ಬಲ್ಲವರು ಎಲ್ಲೇ ಇರಲಿ, ಅದರ ಮಿತಿಯನ್ನೂ ಬಲ್ಲವರಾಗಿದ್ದರು ಎಂಬುದಷ್ಟೇ ತಾತ್ಪರ್ಯ.

ಬಿ.ಪಿ. ಇರುವ ನಮ್ಮ ಬಾಂಧವರು ಸೌನಾ ಮಾಡಬಾರದೆಂದಲ್ಲ. ಬಿ.ಪಿ. ಹತೋಟಿಯಲ್ಲಿದ್ದು ವೈದ್ಯರು ಒಪ್ಪಿದರೆ ಹತ್ತು ಹದಿನೈದು ನಿಮಿಷ ಕೂರಬಹುದು; ನೀರು ಕುಡಿದು, ನಿಧಾನವಾಗಿ ಎದ್ದು ಬರಬೇಕು. ಈಚೆಗೆ ಹೃದಯಾಘಾತವಾದವರು, ಎದೆನೋವು ಪದೇ ಪದೇ ಕಾಣಿಸುವವರು ಅದರ ಹತ್ತಿರ ಹೋಗದಿರುವುದೇ ಮೇಲು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬೆವರಿನಿಂದ ಒತ್ತಡ ತೀರ ಇಳಿದು ತಲೆ ತಿರುಗಬಹುದು. ಆದರೆ ಸೌನಾ ಬಂತೆಂದು ಮಾತ್ರೆ ನಿಲ್ಲಿಸುವುದು ಮಾತ್ರ ಪ್ರಾಣದೊಡನೆ ಆಟ. ಏಕೆಂದರೆ ಏರಿದ ಒತ್ತಡ ನೋವು ಕೊಡುವುದಿಲ್ಲ. ಲಕ್ವವೋ ಹೃದಯಾಘಾತವೋ ಆಗಿ ಒಮ್ಮೆಲೇ ಎರಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ನಮಗೆ ಸಾಕು. ಊರಿಂದ ಬಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳನ್ನು ಲೆಕ್ಕಕ್ಕೆ ಸೇರಿಸಿದರೆ ನಾವು ಎಲ್ಲಿ ನಿಲ್ಲುತ್ತೇವೆಂದು ಪ್ರತಿ ಮನೆಯೂ ತಾನೇ ನೋಡಿಕೊಳ್ಳಬೇಕು. ಫಿನ್‌ಲೆಂಡಿನವರು ಬೆಣ್ಣೆ ಬಳಿದ ಚೀಸನ್ನು ಬಿಟ್ಟ ಮೇಲೆಯೇ ಸೌನಾದ ಸುಖ ಅವರ ಹೃದಯಕ್ಕೂ ದಕ್ಕಿತು.