ಒಂದೇ ಭಾರತ, ಮೂರು ಪಟ್ಟಾಭಿಷೇಕ

ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ಹಸ್ತಿನಾಪುರದ ಸಿಂಹಾಸನವೇರಿದವರು ಯಾರು? ಧರ್ಮರಾಯ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಕನ್ನಡದ ಮೂವರು ಮಹಾಕವಿಗಳು ಈ ಪ್ರಶ್ನೆಗೆ ಮೂರು ಉತ್ತರ ಕೊಟ್ಟಿದ್ದಾರೆ. ಪಂಪನಲ್ಲಿ ಪಟ್ಟಾಭಿಷೇಕವಾಗುವುದು ಅರ್ಜುನನಿಗೆ, ರನ್ನನಲ್ಲಿ ಭೀಮನಿಗೆ. ಧರ್ಮರಾಯನ ತಲೆಗೆ ಕಿರೀಟ ಬರಬೇಕಾದರೆ ಕುಮಾರವ್ಯಾಸನವರೆಗೆ ಕಾಯಬೇಕು. ಕಥೆ ಒಂದೇ ಆಗಿದ್ದು ಮುಕ್ತಾಯ ಮಾತ್ರ ಹೀಗೇಕೆ ಬದಲಾಯಿತು ಎಂದು ತಿಳಿಯಲು ಆಯಾ ಕಾವ್ಯದ ಮೊದಲ ಪುಟಗಳಿಗೆ ಮರಳಬೇಕು.

ಈ ಮೊದಲ ಪುಟಗಳನ್ನು ಇಂದಿನ ಓದುಗ ಸಾಮಾನ್ಯವಾಗಿ ಹಾರಿಸಿಬಿಡುತ್ತಾನೆ. ದೇವತಾಸ್ತುತಿ, ಹಿಂದಿನ ಕವಿಗಳ ಸ್ಮರಣೆ, ಆಶ್ರಯದಾತನ ವಂಶಾವಳಿ ಇವೆಲ್ಲ ಅವನಿಗೆ ಸಂಪ್ರದಾಯದ ಹೊರೆಯಾಗಿ ಕಾಣುತ್ತವೆ. ತನ್ನ ಕಾವ್ಯ ಯಾರಿಗೆ ಸಲ್ಲಬೇಕು ಎಂಬುದನ್ನು ಕವಿ ಹೇಳಿರುವುದು ಅಲ್ಲಿಯೇ.

ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದದ್ದು ಕ್ರಿ.ಶ. 941ರಲ್ಲಿ, ವೇಮುಲವಾಡದ ಚಾಲುಕ್ಯ ಅರಸು ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿ. ಕಾವ್ಯದ ಆರಂಭದ ಪದ್ಯಗಳಲ್ಲಿ ನಾರಾಯಣ, ಮಹೇಶ್ವರ, ಸೂರ್ಯ, ಮನ್ಮಥ ಎಲ್ಲರೂ ಬರುತ್ತಾರೆ. ಆದರೆ ಪ್ರತಿಯೊಬ್ಬ ದೇವರ ಹಿಂದೆಯೂ ಅರಿಕೇಸರಿ ನಿಂತಿದ್ದಾನೆ. ಅವನ ಬಿರುದುಗಳನ್ನೇ ದೇವರ ಹೆಸರಿನೊಂದಿಗೆ ಹೆಣೆದು ಕವಿ ಸ್ತುತಿಸುತ್ತಾನೆ. ಮುಂದೆ ಅವನನ್ನೇ ಅರ್ಜುನನೊಡನೆ ಸಮೀಕರಿಸಿ ಕಥೆ ಹೇಳುತ್ತಾನೆ. ಇಷ್ಟಾದ ಮೇಲೆ ಕೊನೆಯಲ್ಲಿ ಅಣ್ಣನಿಗೆ ಪಟ್ಟ ಕಟ್ಟುವುದು ಸಾಧ್ಯವೇ? ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ್ದೂ ಈ ಸಮೀಕರಣದ ಅಗತ್ಯಕ್ಕಾಗಿಯೇ. ಆದರೆ ಪಟ್ಟಾಭಿಷೇಕದ ಹೊತ್ತಿಗೆ ಅರ್ಜುನನ ಪಕ್ಕದಲ್ಲಿ ಕುಳಿತಿರುವವಳು ದ್ರೌಪದಿಯಲ್ಲ, ಸುಭದ್ರೆ! ತುಂಬಿದ ಸಭೆಯಲ್ಲಿ ಅವಮಾನ ನುಂಗಿ, ಹದಿಮೂರು ವರ್ಷ ಕಾದವಳಿಗೆ ಸಿಂಹಾಸನದಲ್ಲಿ ಜಾಗವಿಲ್ಲ. ಪಂಪನನ್ನು ಎಷ್ಟೇ ಮೆಚ್ಚುವ ಓದುಗನಿಗೂ ಇಲ್ಲಿ ಕಸಿವಿಸಿಯಾಗದೆ ಇರದು.

ಇಲ್ಲಿಗೇ ನಿಂತಿದ್ದರೆ ಪಂಪನದು ಕೇವಲ ಆಸ್ಥಾನಕವಿಯ ಕೆಲಸವೆನ್ನಬಹುದಿತ್ತು. ಆದರೆ ಅದೇ ಕೊನೆಯ ಆಶ್ವಾಸದಲ್ಲಿ, ಭಾರತವು ಲೋಕಪೂಜ್ಯವಾದದ್ದು ಯಾರು ಯಾರಿಂದ ಎಂದು ಎಣಿಸುವ ಪ್ರಸಿದ್ಧ ಪದ್ಯವೊಂದಿದೆ. ಆ ಪಟ್ಟಿಯಲ್ಲಿ ಮೊದಲು ಬರುವವನು ಛಲಕ್ಕಾಗಿ ದುರ್ಯೋಧನ, ಆಮೇಲೆ ಸತ್ಯಕ್ಕಾಗಿ ಕರ್ಣ. ಕಥಾನಾಯಕ ಅರ್ಜುನನ ಸರದಿ ಬರುವುದು ಭೀಮ, ಶಲ್ಯ, ಭೀಷ್ಮ, ದ್ರೋಣರಾದ ಮೇಲೆ. ಅರಸನಿಗೆ ಕಿರೀಟವನ್ನು ಕೊಟ್ಟ ಕವಿ ತನ್ನ ಗೌರವವನ್ನು ಬೇರೆಯವರಿಗೆ ಹಂಚಿಟ್ಟ. ಅರಿಕೇಸರಿ ಇದನ್ನು ಗಮನಿಸಿದನೋ ಇಲ್ಲವೋ, ಕವಿಗೆ ಅಗ್ರಹಾರವನ್ನಂತೂ ಕೊಟ್ಟ.

ರನ್ನನ ‘ಗದಾಯುದ್ಧ’ ಇನ್ನೂ ವಿಚಿತ್ರವಾದ ಉದಾಹರಣೆ. ಇದಕ್ಕೆ ‘ಸಾಹಸಭೀಮ ವಿಜಯ’ವೆಂಬ ಇನ್ನೊಂದು ಹೆಸರೂ ಉಂಟು. ಆ ಸಾಹಸಭೀಮ ಬೇರಾರೂ ಅಲ್ಲ, ಕಲ್ಯಾಣದ ಚಾಲುಕ್ಯ ವಂಶದ ಸತ್ಯಾಶ್ರಯ. ರನ್ನ ಇಡೀ ಭಾರತವನ್ನು ಹೇಳಲು ಹೋಗದೆ ಯುದ್ಧದ ಕೊನೆಯ ಘಟ್ಟವನ್ನು ಹಿಡಿದ. ಸಿಂಹ ಹಿಂತಿರುಗಿ ನೋಡುವಂತೆ ಹಿಂದಿನದನ್ನೆಲ್ಲ ನೆನಪಿಸುತ್ತ ಸಾಗಿದ. ದ್ರೌಪದಿ ಭೀಮನನ್ನು ಕೆರಳಿಸುವುದರಿಂದ ಕಥೆ ಮೊದಲಾಗುತ್ತದೆ. ಪ್ರತಿಜ್ಞೆ ಪೂರೈಸಿದ ಭೀಮನ ಪಟ್ಟಾಭಿಷೇಕದೊಂದಿಗೆ ಮುಗಿಯುತ್ತದೆ. ಎರಡೂ ತುದಿಗಳು ಭೀಮನವೇ.

ಆದರೆ ನಡುವೆ ಇರುವುದೆಲ್ಲ ದುರ್ಯೋಧನ. ಹೆಣಗಳ ರಾಶಿಯ ನಡುವೆ ಎಡವುತ್ತ ನಡೆಯುವ ಅರಸು, ಕರ್ಣನ ದೇಹದ ಮುಂದೆ ನಿಂತು ಗೋಳಿಡುವ ಗೆಳೆಯ, ಸಂಧಿಯ ಮಾತನ್ನು ತಳ್ಳಿಹಾಕುವ ಹಟಮಾರಿ, ಕೊನೆಗೆ ವೈಶಂಪಾಯನ ಸರೋವರದಲ್ಲಿ ಅಡಗಬೇಕಾಗಿ ಬಂದವನು. ಸಾವಿರ ವರ್ಷಗಳ ಓದುಗರ ಮನಸ್ಸಿನಲ್ಲಿ ಉಳಿದದ್ದು ಇವನೇ. ಬಿ.ಎಂ. ಶ್ರೀಕಂಠಯ್ಯನವರು ರನ್ನನ ಪದ್ಯಗಳನ್ನೇ ಆಯ್ದು ‘ಗದಾಯುದ್ಧ ನಾಟಕಂ’ ಕಟ್ಟಿದಾಗ ಅದು ದುರ್ಯೋಧನನ ರುದ್ರನಾಟಕವಾಯಿತು. ಆದಿ ಅಂತ್ಯಗಳು ಆಶ್ರಯದಾತನ ಪಾಲಾದರೂ ಕಾವ್ಯ ಅವನ ಕೈಗೆ ಸಿಗಲಿಲ್ಲ.

ಪಂಪ-ರನ್ನರಿಗಿದ್ದ ಈ ಇಕ್ಕಟ್ಟು 15ನೇ ಶತಮಾನದ ಕುಮಾರವ್ಯಾಸನಿಗೆ ಇರಲಿಲ್ಲ. ಅವನ ಕಾವ್ಯದ ಪೀಠಿಕೆಯಲ್ಲಿ ಯಾವ ಅರಸನೂ ಇಲ್ಲ. ಕಾವ್ಯ ಕಟ್ಟಿದವನು ಗದುಗಿನ ವೀರನಾರಾಯಣ, ತನ್ನದು ಬರೆದುಕೊಳ್ಳುವ ಕೆಲಸ ಮಾತ್ರ ಎನ್ನುತ್ತಾನೆ ಕವಿ. ಅರಸರಿಗೆ, ದ್ವಿಜರಿಗೆ, ಯೋಗಿಗಳಿಗೆ, ಮಂತ್ರಿಗಳಿಗೆ ಈ ಕೃತಿ ಏನಾಗಬಲ್ಲದು ಎಂದು ಒಬ್ಬೊಬ್ಬರನ್ನೇ ಹೆಸರಿಸುತ್ತಾನೆ. ಅರಸರು ಇಲ್ಲಿ ಕೇಳುಗರ ಸಾಲಿಗೆ ಬಂದು ಕುಳಿತಿದ್ದಾರೆ. ಅರ್ಜುನನನ್ನಾಗಲಿ ಭೀಮನನ್ನಾಗಲಿ ಸಿಂಹಾಸನಕ್ಕೇರಿಸುವ ಒತ್ತಾಯ ಇಲ್ಲದ್ದರಿಂದ ಪಟ್ಟ ಸಹಜವಾಗಿಯೇ ಧರ್ಮರಾಯನಿಗೆ ಮರಳಿತು.

ಆದರೆ ಈ ಪೀಠಿಕೆಯಲ್ಲಿ ಇನ್ನೊಂದು ಮಾತಿದೆ. ತಾನು ಹೇಳಹೊರಟಿರುವುದು ಕೃಷ್ಣನ ಕಥೆ ಎಂದು ಕವಿ ಸಾರಿಬಿಡುತ್ತಾನೆ. ಕೊನೆಯನ್ನು ಓದಬೇಕಾದದ್ದು ಇದರ ಬೆಳಕಿನಲ್ಲಿ. ವ್ಯಾಸಭಾರತದ ಪರ್ವಗಳು 18. ಕುಮಾರವ್ಯಾಸ ಬರೆದದ್ದು 10. ಗದಾಪರ್ವದ ಕೊನೆಯಲ್ಲಿ ಪಟ್ಟಾಭಿಷೇಕ ಮುಗಿಸಿ ಲೇಖನಿ ಕೆಳಗಿಟ್ಟ. ಅಲ್ಲಿಂದ ಮುಂದೆ ಮೂಲದಲ್ಲಿ ಏನಿದೆ? ಯಾದವರು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡು ನಾಶವಾಗುತ್ತಾರೆ. ಬೇಡನ ಬಾಣಕ್ಕೆ ಕೃಷ್ಣ ದೇಹ ಬಿಡುತ್ತಾನೆ. ದ್ವಾರಕೆ ಕಡಲ ಪಾಲಾಗುತ್ತದೆ. ಹಿಮಾಲಯದ ದಾರಿಯಲ್ಲಿ ಒಬ್ಬೊಬ್ಬರೇ ಬಿದ್ದುಹೋದ ಮೇಲೆ ಸ್ವರ್ಗ ಸೇರಿದ ಧರ್ಮರಾಯನಿಗೆ ಅಲ್ಲಿ ಮೊದಲು ಕಾಣುವವನು ವೈಭವದಿಂದ ಕುಳಿತ ದುರ್ಯೋಧನ. ವ್ಯಾಸಭಾರತ ಗೆದ್ದವರಿಗೂ ಏನನ್ನೂ ಉಳಿಸದೆ ಮುಗಿಯುತ್ತದೆ. ಗದುಗಿನ ಭಾರತದಲ್ಲಿ ಕೃಷ್ಣನಿಗೆ ಸಾವೇ ಇಲ್ಲ. ಕಾರಣ ಏನೇ ಇರಲಿ, ಇದನ್ನು ಅಪೂರ್ಣ ಎನ್ನುವುದಕ್ಕಿಂತ ಮೊದಲ ಪುಟದ ಮಾತಿಗೆ ತಕ್ಕ ಕೊನೆ ಎನ್ನುವುದೇ ಸರಿ.

ಉಳಿದ ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರೈಸಿದ. ಆ ಭಾಗಕ್ಕೆ ‘ಕೃಷ್ಣರಾಯ ಭಾರತ’ ಎಂದು ಹೆಸರಾಯಿತು. ಅರಸು ಮತ್ತೆ ಹೊತ್ತಗೆಯ ಹೆಸರಿನೊಳಕ್ಕೇ ಬಂದಿದ್ದ. ಗಮಕಿಗಳು ಮಾತ್ರ ಇಂದಿಗೂ ಗದುಗಿನ ಭಾರತದ ವಾಚನಕ್ಕೆ ಮಂಗಳ ಹಾಡುವುದು ಧರ್ಮರಾಯನ ಪಟ್ಟಾಭಿಷೇಕದ ದಿನ.